ಕೇಳುವ ಕಸುಬು

ಮನಸ್ಸಿನ ತೊಳಲಾಟ ಹೊತ್ತು ಬಂದವರೊಡನೆ ಕುಳಿತು ನಡೆಸುವ ಮಾತುಕತೆಗೆ ನಾವು ಕನ್ನಡದಲ್ಲಿ 'ಆಪ್ತಸಲಹೆ' ಎಂದು ಹೆಸರಿಟ್ಟುಕೊಂಡಿದ್ದೇವೆ. ಹೆಸರೇನೋ ಇಂಪಾಗಿದೆ. ಆದರೆ ಈ ಕಸುಬಿಗೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ರೂಪ ಕೊಟ್ಟ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರು ಇದನ್ನು ಕೇಳಿದ್ದರೆ, 'ಆಪ್ತ'ವನ್ನು ಇಟ್ಟುಕೊಂಡು 'ಸಲಹೆ'ಯನ್ನು ನಮಗೇ ಹಿಂದಿರುಗಿಸುತ್ತಿದ್ದರೇನೋ. ಸಲಹೆ ಕೊಡದಿರುವುದೇ ಅವರ ಚಿಕಿತ್ಸೆಯ ತಿರುಳು.

ಸಲಹೆಗೆ ನಮ್ಮಲ್ಲಿ ಎಂದೂ ಬರವಿಲ್ಲ. ಮಗಳ ಸಂಸಾರ ಮುರಿದ ತಂದೆಗೆ, ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ, ನಿದ್ದೆ ಬಾರದ ಮುದುಕಿಗೆ ಬೀದಿಯ ತುಂಬ ಸಲಹೆಗಾರರು. 'ಮನಸ್ಸು ಗಟ್ಟಿ ಮಾಡಿಕೋ' ಎನ್ನುವವರಿಗೆ, ಎದುರಿಗಿರುವವರು ಹೇಳಬೇಕೆಂದು ತಂದಿದ್ದ ಮಾತು ಅಲ್ಲಿಗೇ ನಿಂತುಹೋಯಿತೆಂಬ ಸುಳಿವೂ ಇರುವುದಿಲ್ಲ.

ರೋಜರ್ಸ್ ಅವರೂ ಮೊದಮೊದಲು ಎಲ್ಲ ಬಲ್ಲ ವೈದ್ಯನ ನಿಲುವಿನಲ್ಲೇ ಇದ್ದವರು. 1902ರಲ್ಲಿ ಷಿಕಾಗೋ ಬಳಿಯ ಓಕ್ ಪಾರ್ಕಿನಲ್ಲಿ ಹುಟ್ಟಿದ ಅವರು ಕಾಲೇಜಿಗೆ ಹೋದದ್ದು ಬೇಸಾಯ ಕಲಿಯಲು. ಆಮೇಲೆ ಧರ್ಮೋಪದೇಶಕನಾಗಲು ಹೊರಟು, ಅದನ್ನೂ ಬಿಟ್ಟು ಮನಶ್ಶಾಸ್ತ್ರಕ್ಕೆ ಬಂದರು. 1928ರಿಂದ ಹನ್ನೆರಡು ವರ್ಷ ರಾಚೆಸ್ಟರ್ ನಗರದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ಕೆಲಸ ಮಾಡಿದರು. ಅಲ್ಲಿಗೆ ಒಬ್ಬ ತಾಯಿ ತುಂಟ ಮಗನ ಸಲುವಾಗಿ ಬರುತ್ತಿದ್ದಳು. ಆಕೆ ಮಗನನ್ನು ಎಳೆತನದಲ್ಲಿ ಒಲ್ಲದೆ ದೂರವಿಟ್ಟದ್ದೇ ಕೇಡಿಗೆ ಮೂಲವೆಂದು ರೋಜರ್ಸ್ ತೀರ್ಮಾನಿಸಿದ್ದರು. ಅದನ್ನು ಆಕೆಗೆ ಮನವರಿಕೆ ಮಾಡಿಕೊಡಲು ಭೇಟಿಯ ಮೇಲೆ ಭೇಟಿ ನಡೆಯಿತು, ಫಲ ಸೊನ್ನೆ. ಕೊನೆಗೆ, ಇಬ್ಬರೂ ಪ್ರಯತ್ನಪಟ್ಟೆವು, ಕೈಗೂಡಲಿಲ್ಲ, ಇಲ್ಲಿಗೆ ನಿಲ್ಲಿಸೋಣವೆಂದರು. ಆಕೆ ಒಪ್ಪಿ ಕೈಕುಲುಕಿ ಬಾಗಿಲವರೆಗೆ ಹೋದವಳು, ತಿರುಗಿ ನಿಂತು, ಇಲ್ಲಿ ದೊಡ್ಡವರನ್ನೂ ನೋಡುತ್ತೀರಾ ಎಂದು ಕೇಳಿದಳು. ನೋಡುತ್ತೇವೆ ಎಂದದ್ದೇ ತಡ, ಮರಳಿ ಬಂದು ಕುಳಿತು ತನ್ನ ದಾಂಪತ್ಯದ ಅಳಲನ್ನೆಲ್ಲ ಹೊರಹಾಕತೊಡಗಿದಳು. ಹಿಂದೆ ಒಪ್ಪಿಸಿದ್ದ ಒಣ ಪೂರ್ವವೃತ್ತಾಂತಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ರೋಜರ್ಸ್ ಈ ಸಲ ಕೇಳಿದರು, ಅಷ್ಟೆ. ಕಾಲಕ್ರಮದಲ್ಲಿ ತಾಯಿಯೂ ಸುಧಾರಿಸಿದಳು, ಮಗನೂ ಸುಧಾರಿಸಿದ. ನೋವು ಎಲ್ಲಿದೆ, ಯಾವ ದಿಕ್ಕಿಗೆ ಹೆಜ್ಜೆ ಇಡಬೇಕು ಎಂಬುದು ಬಂದವರಿಗೇ ಗೊತ್ತು ಎಂಬ ತಿಳಿವು ಅವರಿಗೆ ಮೂಡಿದ್ದು ಇಂಥ ಸೋಲುಗಳಿಂದ.

1942ರ ತಮ್ಮ ಪುಸ್ತಕದಲ್ಲಿ ಅವರು ಒಂದು ಚಿಕಿತ್ಸೆಯ ಎಂಟು ಭೇಟಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ, ಅಕ್ಷರಶಃ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದ ಕೆಲಸ ಪರರ ವಿಮರ್ಶೆಗೆ ಸಿಕ್ಕಿತು. (ತನ್ನ ದನಿಯನ್ನು ತಾನೇ ಮರಳಿ ಕೇಳುವುದು ಎಷ್ಟು ಇರುಸುಮುರುಸಿನ ಸಂಗತಿ ಎಂಬುದನ್ನು ಧ್ವನಿವರ್ಧಕದ ಮುಂದೆ ಕುಳಿತವರೆಲ್ಲ ಬಲ್ಲರು.) ಬಂದವರನ್ನು 'ರೋಗಿ' ಎನ್ನುವುದನ್ನೂ ಅವರು ಬಿಟ್ಟರು. ಅವರು ಆರಿಸಿಕೊಂಡ 'ಕ್ಲೈಂಟ್' ಎಂಬ ಮಾತನ್ನು 'ಕಕ್ಷಿದಾರ' ಎಂದು ಕನ್ನಡಿಸಿದರೆ ಕೋರ್ಟಿನ ವಾಸನೆ ಹೊಡೆಯುತ್ತದೆ. ಆದರೂ ಉದ್ದೇಶ ಸ್ಪಷ್ಟ. ಬಂದವರು ನೆರವು ಕೇಳುತ್ತಾರೆಯೇ ಹೊರತು ತಮ್ಮ ಬಾಳಿನ ಯಜಮಾನಿಕೆಯನ್ನು ಒಪ್ಪಿಸಿಬಿಡುವುದಿಲ್ಲ.

ಮನಸ್ಸು ಮಾಗಲು ಚಿಕಿತ್ಸಕನಲ್ಲಿ ಏನಿರಬೇಕೆಂಬುದನ್ನು 1957ರ ಲೇಖನವೊಂದರಲ್ಲಿ ಅವರು ವಿವರಿಸಿದರು. ಎದುರಿನವರ ಲೋಕವನ್ನು ಅವರ ಕಣ್ಣಿನಿಂದಲೇ ಕಾಣಬೇಕು. ಆದರೆ ಅದರಲ್ಲಿ ಕೊಚ್ಚಿಹೋಗಬಾರದು. ಆದರಕ್ಕೆ ಷರತ್ತು ಇರಬಾರದು. ಫಸ್ಟ್ ಕ್ಲಾಸು ಬಂದರೆ ಮಾತ್ರ ನನ್ನ ಮಗ ಎನ್ನುವ ಪ್ರೀತಿಯಲ್ಲಿ ಬೆಳೆದವರಿಗೆ ಇದು ಎಂಥ ಔಷಧವೆಂದು ಬೇರೆ ಹೇಳಬೇಕಾಗಿಲ್ಲ. ಇನ್ನೊಂದು, ನನ್ನೆಣಿಕೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು: ಚಿಕಿತ್ಸಕನ ಒಳಗೂ ಹೊರಗೂ ಒಂದಾಗಿರಬೇಕು. ಒಳಗೆ ಬೇಸರ ತುಂಬಿರುವಾಗ ಮುಖದ ಮೇಲೆ ಕರುಣೆಯ ನಗೆ ಹಚ್ಚಿಕೊಳ್ಳಬಾರದು.

ಇಷ್ಟೇ ಎಲ್ಲ ಬೇನೆಗೂ ಸಾಕು ಎಂದರೆ ಒಪ್ಪುವುದು ಕಷ್ಟ. ವಿಸ್ಕಾನ್ಸಿನ್ನಿನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ನಡುವೆ ರೋಜರ್ಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ನಡೆಸಿದ ಪ್ರಯೋಗ ಅವರು ಆಶಿಸಿದಷ್ಟು ಫಲ ಕೊಡಲಿಲ್ಲ. ಮದ್ದು ಬೇಕಾದಲ್ಲಿ ಮದ್ದೇ ಬೇಕು.

ಕೇಳುವ ಕಸುಬಿನ ಬೆಲೆ ಏನೆಂಬುದನ್ನು ಸ್ವತಃ ರೋಜರ್ಸ್ ತೆತ್ತದ್ದುಂಟು. 1949ರ ಸುಮಾರು, ಷಿಕಾಗೋ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಅವರು ಹೆಸರಾಂತರಾಗಿದ್ದಾಗ, ಬಹಳವಾಗಿ ಕದಡಿಹೋಗಿದ್ದ ಹೆಂಗಸೊಬ್ಬಳನ್ನು ನೋಡುತ್ತಿದ್ದರು. ತನ್ನಿಂದ ಈಕೆಗೆ ನೆರವಾಗಲೇಬೇಕೆಂಬ ಹಟದಿಂದ, ಭೇಟಿಗಳಿಂದ ಉಪಯೋಗ ತಪ್ಪಿದ ಮೇಲೂ ಮುಂದುವರಿಸಿದರು. ಒಳಗಿನ ಕಿರಿಕಿರಿ ಹೆಚ್ಚುತ್ತ ಹೋಯಿತು. ಆಕೆಯದು ಎಲ್ಲಿ ಮುಗಿದು ತನ್ನದು ಎಲ್ಲಿ ತೊಡಗುತ್ತದೆಂಬ ಗೆರೆಯೇ ಅಳಿಸಿಹೋಯಿತು. ತಮ್ಮ ಬುದ್ಧಿಯೇ ತಪ್ಪುತ್ತಿದೆಯೆಂಬ ಭಯ ಹುಟ್ಟಿದ ದಿನ ಆಕೆಯನ್ನು ಬೇರೊಬ್ಬ ವೈದ್ಯರಿಗೆ ಒಪ್ಪಿಸಿ, ಹೆಂಡತಿ ಹೆಲೆನ್‌ಳೊಡನೆ ಕಾರು ಹತ್ತಿ ಊರು ಬಿಟ್ಟರು. ಮರಳಿದ್ದು ಎರಡು ಮೂರು ತಿಂಗಳ ಮೇಲೆ. ಆಗಲೂ ತಾನು ಕೆಲಸಕ್ಕೆ ಬಾರದವನು, ಯಾರ ಪ್ರೀತಿಗೂ ತಕ್ಕವನಲ್ಲ ಎಂಬ ಭಾವ ಬಿಟ್ಟಿರಲಿಲ್ಲ. ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಮುಂದೆ ಬರೆದವರೂ ಅವರೇ.

ಆ ದಿನಗಳಲ್ಲಿ ಕೇಂದ್ರದ ಸಹೋದ್ಯೋಗಿಯೊಬ್ಬರು, ನಿಮಗೆ ನೆರವು ಬೇಕಾಗಿರುವಂತಿದೆ, ನನಗೆ ನಿಮ್ಮ ಹೆದರಿಕೆಯಿಲ್ಲ, ನಾನು ಕೇಳುತ್ತೇನೆ ಎಂದರು. ರೋಜರ್ಸ್ ಒಪ್ಪಿದರು. ತಾವು ಕಟ್ಟಿದ ಕೇಂದ್ರದಲ್ಲಿ, ತಾವೇ ಹೇಳಿಕೊಟ್ಟ ರೀತಿಯಲ್ಲಿ ಮತ್ತೊಬ್ಬರು ಕೇಳುತ್ತಿರಲು, ಅವರು ಈ ಕಡೆಯ ಕುರ್ಚಿಯಲ್ಲಿ ಕುಳಿತು ಮಾತನಾಡಿದರು.