ಟಿಕೆಟ್ ಅಗ್ಗ, ನಿಲ್ದಾಣದ ಶುಲ್ಕ ಮಾತ್ರ ಎಲ್ಲರಿಗೂ ಒಂದೇ

ಕಾಸರಗೋಡು: ಜಾಹೀರಾತಿನಲ್ಲಿ ಕಾಣುವ ವಿಮಾನ ಟಿಕೆಟಿನ ದರ ಒಂದು, ಕೊನೆಗೆ ನಾವು ಕೊಡುವ ಹಣ ಇನ್ನೊಂದು. ಗಲ್ಫ್ ನಾಡುಗಳಿಗೆ ಹೋಗಿ ಬರುವವರಿರುವ ನಮ್ಮ ಜಿಲ್ಲೆಯ ಮನೆಗಳಿಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಈ ಹೆಚ್ಚಿನ ಹಣ ಯಾರಿಗೆ ಸೇರುತ್ತದೆ, ಪ್ರಯಾಣ ರದ್ದಾದರೆ ಅದರಲ್ಲಿ ಎಷ್ಟು ವಾಪಸು ಸಿಗಬೇಕು ಎಂಬುದು ಹಲವರಿಗೆ ತಿಳಿದಿಲ್ಲ.

ಟಿಕೆಟಿನಲ್ಲಿ ಏನೇನಿದೆ?

ಟಿಕೆಟಿನ ಹಣದಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮೊದಲನೆಯದು ಮೂಲ ದರ ಮತ್ತು ಇಂಧನ ಸರ್ಚಾರ್ಜ್. ಇದು ವಿಮಾನ ಕಂಪನಿಯದು. ಸೀಸನ್ ನೋಡಿ ಕಂಪನಿ ಇದನ್ನು ಏರಿಸುತ್ತದೆ, ಇಳಿಸುತ್ತದೆ. ಎರಡನೆಯದು ಕಂಪನಿ ಇತರರ ಪರವಾಗಿ ವಸೂಲು ಮಾಡುವ ಹಣ. ಸರಕಾರದ ತೆರಿಗೆ, ವಿಮಾನಯಾನ ಭದ್ರತಾ ಶುಲ್ಕ ಮತ್ತು ಬಳಕೆದಾರರ ಅಭಿವೃದ್ಧಿ ಶುಲ್ಕ ಇದರಲ್ಲಿ ಸೇರಿವೆ. ಈ ಕೊನೆಯದನ್ನೇ ಟಿಕೆಟಿನಲ್ಲಿ ಚುಟುಕಾಗಿ ಯುಡಿಎಫ್ ಎಂದು ಬರೆದಿರುತ್ತಾರೆ. ಕೇರಳದ ರಾಜಕೀಯದ ಯುಡಿಎಫ್‌ಗೂ ಇದಕ್ಕೂ ಸಂಬಂಧವಿಲ್ಲ!

ಭದ್ರತಾ ಶುಲ್ಕವನ್ನು 2021ರ ಏಪ್ರಿಲ್‌ನಲ್ಲಿ ದೇಶದೊಳಗಿನ ಪ್ರಯಾಣಕ್ಕೆ 200 ರೂಪಾಯಿ, ವಿದೇಶ ಪ್ರಯಾಣಕ್ಕೆ 12 ಡಾಲರ್ ಎಂದು ಏರಿಸಲಾಯಿತು. ಯುಡಿಎಫ್ ಮಾತ್ರ ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆ. ಕೆಲವು ಕಡೆ ಹೊರಡುವವರಿಂದ ಮಾತ್ರವಲ್ಲ, ಬಂದಿಳಿಯುವವರಿಂದಲೂ ಪಡೆಯುತ್ತಾರೆ.

ಈ ಶುಲ್ಕಗಳು ಟಿಕೆಟಿನ ದರ ನೋಡುವುದಿಲ್ಲ, ತಲೆ ಎಣಿಸುತ್ತವೆ. ಉದಾಹರಣೆಗೆ ಶುಲ್ಕಗಳೆಲ್ಲ ಸೇರಿ 800 ರೂಪಾಯಿ ಎಂದುಕೊಳ್ಳೋಣ. 8,000 ರೂಪಾಯಿ ಮೂಲ ದರ ಕೊಟ್ಟವರಿಗೆ ಅದು ಹತ್ತನೇ ಒಂದು ಭಾಗ. 1,600 ರೂಪಾಯಿಯ ಟಿಕೆಟ್ ಸಿಕ್ಕಿತೆಂದು ಸಂತೋಷಪಟ್ಟವರಿಗೆ ಅದು ಅರ್ಧದಷ್ಟು. ಅಗ್ಗದ ದರದ ಕಂಪನಿಗಳು ನಿಲ್ದಾಣದ ಶುಲ್ಕದ ವಿಷಯದಲ್ಲಿ ಜಗಳಕ್ಕೆ ನಿಲ್ಲುವುದು ಇದಕ್ಕಾಗಿಯೇ.

ಏರೋಬ್ರಿಜ್ ಯಾಕೆ ಬೇಡ?

ಅಗ್ಗದ ದರದ ಕಂಪನಿಗಳು ಲಾಭ ಕಾಣುವುದು ವಿಮಾನ ನೆಲದ ಮೇಲೆ ನಿಂತಾಗ ಅಲ್ಲ, ಹಾರುತ್ತಿರುವಾಗ. ಬಂದ ವಿಮಾನವನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಹೊರಡಿಸುವುದು ಅವರ ಲೆಕ್ಕಾಚಾರ. ಮುಂದಿನ ಮತ್ತು ಹಿಂದಿನ ಎರಡೂ ಬಾಗಿಲಿಗೆ ಏಣಿ ಇಟ್ಟರೆ ಜನ ಬೇಗ ಇಳಿದು ಹತ್ತುತ್ತಾರೆ. ಏರೋಬ್ರಿಜ್ ಸಾಮಾನ್ಯವಾಗಿ ಮುಂದಿನ ಬಾಗಿಲಿಗೆ ಮಾತ್ರ, ಅದಕ್ಕೆ ಖರ್ಚೂ ಹೆಚ್ಚು. ಹೀಗಾಗಿ ಈ ಕಂಪನಿಗಳು ಕೇಳುವುದು ಸರಳ ಕಟ್ಟಡ ಮತ್ತು ಕಡಿಮೆ ಶುಲ್ಕ.

ಸಿಂಗಾಪುರದ ಪ್ರಯೋಗ

ಸಿಂಗಾಪುರದ ಚಾಂಗಿ ನಿಲ್ದಾಣದಲ್ಲಿ 2006ರ ಮಾರ್ಚ್‌ನಲ್ಲಿ ‘ಬಜೆಟ್ ಟರ್ಮಿನಲ್’ ಆರಂಭವಾಯಿತು. ಒಂದೇ ಅಂತಸ್ತಿನ ಕಟ್ಟಡ. ಏರೋಬ್ರಿಜ್ ಇಲ್ಲ, ಚಲಿಸುವ ಪಥವೂ ಇಲ್ಲ. ಪ್ರಯಾಣಿಕರು ನಡೆದೇ ಹೋಗಿ ವಿಮಾನ ಹತ್ತಬೇಕು. ಅದಕ್ಕೆ ತಕ್ಕಂತೆ ಶುಲ್ಕವೂ ಕಡಿಮೆ. ಮುಖ್ಯ ಟರ್ಮಿನಲ್‌ಗಳಲ್ಲಿ 21 ಸಿಂಗಾಪುರ ಡಾಲರ್ ಇದ್ದಾಗ ಇಲ್ಲಿ 13 ಡಾಲರ್.

ಆದರೆ 2012ರ ಸೆಪ್ಟೆಂಬರ್‌ನಲ್ಲಿ ಅದನ್ನು ಮುಚ್ಚಿ ಕೆಡವಿದರು. ಅದೇ ಜಾಗದಲ್ಲಿ 2017ರ ಅಕ್ಟೋಬರ್ 31ರಂದು ನಾಲ್ಕನೇ ಟರ್ಮಿನಲ್ ಆರಂಭವಾಯಿತು. ವರ್ಷಕ್ಕೆ 1.6 ಕೋಟಿ ಪ್ರಯಾಣಿಕರ ಸಾಮರ್ಥ್ಯದ ದೊಡ್ಡ ಕಟ್ಟಡವದು. ಕಡಿಮೆ ಶುಲ್ಕದ ಸೌಲಭ್ಯ ಹಳೆಯ ಕಟ್ಟಡದೊಂದಿಗೇ ಹೋಯಿತು.

ಕೌಲಾಲಂಪುರದ ಜಗಳ

ಮಲೇಷ್ಯಾದ ಕೌಲಾಲಂಪುರದಲ್ಲೂ ಅದೇ 2006ರ ಮಾರ್ಚ್‌ನಲ್ಲಿ ಅಗ್ಗದ ವಿಮಾನಗಳಿಗೆಂದೇ ಪ್ರತ್ಯೇಕ ಟರ್ಮಿನಲ್ ಆರಂಭವಾಯಿತು. ಏರ್ ಏಷ್ಯಾ ಇದರ ಮುಖ್ಯ ಬಳಕೆದಾರ ಕಂಪನಿ. ಜನಸಂದಣಿ ಏರಿತು, ಕಟ್ಟಡವನ್ನು ವಿಸ್ತರಿಸಿದರೂ ಸಾಲಲಿಲ್ಲ. 2014ರ ಮೇ ತಿಂಗಳಲ್ಲಿ ಅದನ್ನು ಮುಚ್ಚಿ, ವರ್ಷಕ್ಕೆ 4.5 ಕೋಟಿ ಪ್ರಯಾಣಿಕರ ಸಾಮರ್ಥ್ಯದ ‘ಕೆಎಲ್‌ಐಎ 2’ ಟರ್ಮಿನಲ್ ತೆರೆದರು. ಅಲ್ಲಿ ಏರೋಬ್ರಿಜ್ ಇದೆ, ಪಕ್ಕದಲ್ಲೇ ದೊಡ್ಡ ಮಾಲ್ ಇದೆ. ಖರ್ಚು ಮೊದಲ ಅಂದಾಜನ್ನು ಮೀರಿ ಸುಮಾರು 400 ಕೋಟಿ ರಿಂಗಿಟ್ ತಲುಪಿತು. ಇಷ್ಟು ವೈಭವ ನಮಗೆ ಬೇಕಿರಲಿಲ್ಲ ಎಂಬುದು ಏರ್ ಏಷ್ಯಾದ ತಕರಾರು.

ಶುಲ್ಕದ ವಿಷಯ ನೋಡಿ. ವಿದೇಶ ಪ್ರಯಾಣಕ್ಕೆ ಮುಖ್ಯ ಟರ್ಮಿನಲ್‌ನಲ್ಲಿ 65 ರಿಂಗಿಟ್ ಇದ್ದಾಗ ಇಲ್ಲಿ 32 ರಿಂಗಿಟ್ ಇತ್ತು. ಎರಡೂ ಕಡೆ ಒಂದೇ ದರ ಇರಬೇಕೆಂದು ನಿಯಂತ್ರಣ ಆಯೋಗ ತೀರ್ಮಾನಿಸಿತು. ಆಸಿಯಾನ್ ಕೂಟದ ಹೊರಗಿನ ದೇಶಗಳಿಗೆ ಹೋಗುವವರಿಗೆ ಇಲ್ಲಿನ ಶುಲ್ಕ 2017ರಲ್ಲಿ 50 ರಿಂಗಿಟ್, 2018ರ ಜನವರಿಯಲ್ಲಿ 73 ರಿಂಗಿಟ್ ಆಯಿತು. ಎರಡು ಟರ್ಮಿನಲ್‌ಗಳ ಸೌಲಭ್ಯ ಸಮಾನವಲ್ಲ, ಶುಲ್ಕ ಮಾತ್ರ ಸಮಾನ ಏಕೆ ಎಂದು ಏರ್ ಏಷ್ಯಾ ಪ್ರಶ್ನಿಸಿತು. ಹೆಚ್ಚಾದ 23 ರಿಂಗಿಟ್ ಅನ್ನು ಪ್ರಯಾಣಿಕರಿಂದ ಪಡೆಯಲು ಒಪ್ಪಲಿಲ್ಲ. ನಿಲ್ದಾಣದ ಕಂಪನಿ ಕೋರ್ಟಿಗೆ ಹೋಯಿತು. ಬಾಕಿ ಸುಮಾರು 4.07 ಕೋಟಿ ರಿಂಗಿಟ್ ಕೊಡುವಂತೆ 2019ರ ಜುಲೈಯಲ್ಲಿ ಹೈಕೋರ್ಟ್ ಏರ್ ಏಷ್ಯಾ ಸಮೂಹಕ್ಕೆ ಹೇಳಿತು. ಆದರೆ ಅದೇ ವರ್ಷದ ಅಕ್ಟೋಬರ್‌ನಿಂದ ಮುಖ್ಯ ಟರ್ಮಿನಲ್ ಬಿಟ್ಟು ಉಳಿದೆಡೆ ಈ ದರವನ್ನು 50 ರಿಂಗಿಟ್‌ಗೆ ಇಳಿಸಲಾಯಿತು. ಕೋರ್ಟಿನಲ್ಲಿ ಸೋತ ವಾದಕ್ಕೆ ಕೊನೆಗೆ ಅರ್ಧ ಜಯ ಸಿಕ್ಕಿತು ಎನ್ನಬಹುದು.

ನಮ್ಮಲ್ಲಿ ಹೇಗೆ?

ನಮ್ಮ ಜಿಲ್ಲೆಯವರು ಬಳಸುವ ಮಂಗಳೂರು ನಿಲ್ದಾಣದಲ್ಲಾಗಲಿ, 2018ರ ಡಿಸೆಂಬರ್ 9ರಂದು ಉದ್ಘಾಟನೆಗೊಂಡ ಕಣ್ಣೂರು ನಿಲ್ದಾಣದಲ್ಲಾಗಲಿ ಇರುವುದು ಒಂದೊಂದೇ ಪ್ರಯಾಣಿಕರ ಟರ್ಮಿನಲ್. ಅಗ್ಗದ ಟಿಕೆಟಿನವರಿಗೆ ಬೇರೆ ಬಾಗಿಲಿಲ್ಲ.

ದೇಶದ ಪ್ರಮುಖ ನಿಲ್ದಾಣಗಳ ಶುಲ್ಕ ನಿಗದಿ ಮಾಡುವುದು 2008ರ ಕಾಯಿದೆಯಂತೆ ರಚನೆಯಾದ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. 2020ರ ಅಕ್ಟೋಬರ್ ಕೊನೆಗೆ ಅದಾನಿ ಸಮೂಹದ ಕೈಗೆ ಬಂದ ಮಂಗಳೂರು ನಿಲ್ದಾಣದ ದರವನ್ನೂ ಇದೇ ಪ್ರಾಧಿಕಾರ ನಿಗದಿ ಮಾಡಿದೆ. ಹೂಡಿದ ಬಂಡವಾಳ, ನಿರ್ವಹಣಾ ವೆಚ್ಚ, ನ್ಯಾಯವಾದ ಲಾಭ ಇವನ್ನು ಐದು ವರ್ಷದ ಅವಧಿಗೆ ಲೆಕ್ಕ ಹಾಕುತ್ತಾರೆ. ಅಂಗಡಿ ಬಾಡಿಗೆ, ಜಾಹೀರಾತು ಮುಂತಾದವುಗಳ ಆದಾಯದಲ್ಲಿ ಶೇ. 30ರಷ್ಟನ್ನು ಪ್ರಯಾಣಿಕರ ಹೊರೆ ತಗ್ಗಿಸಲು ಬಳಸಬೇಕೆಂದು 2016ರ ವಿಮಾನಯಾನ ನೀತಿ ಹೇಳುತ್ತದೆ. ಕಟ್ಟಡ ದೊಡ್ಡದಾದಷ್ಟೂ ಬಂಡವಾಳ ಹೆಚ್ಚು. ಅದು ಪ್ರಯಾಣಿಕರ ತಲೆಗೇ ಹಂಚಿಕೆಯಾಗುತ್ತದೆ. ದರ ನಿಗದಿಗೆ ಮೊದಲು ಪ್ರಾಧಿಕಾರ ಕರಡು ಪ್ರಕಟಿಸಿ ಅಭಿಪ್ರಾಯ ಕೇಳುತ್ತದೆ. ನಮ್ಮ ಪ್ರವಾಸಿ ಸಂಘಟನೆಗಳು ಮಾತನಾಡಬೇಕಾದ ಹೊತ್ತು ಅದು. ದರ ಜಾರಿಯಾದ ಮೇಲೆ ಪ್ರತಿಭಟಿಸಿ ಹೆಚ್ಚಿನ ಪ್ರಯೋಜನವಿಲ್ಲ.

ರದ್ದಾದರೆ ಹಣ ಕೇಳಿ

ಹಲವರಿಗೆ ತಿಳಿಯದ ಇನ್ನೊಂದು ವಿಷಯವಿದೆ. ವೀಸಾ ತಡವಾಗಿ ಅಥವಾ ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಪ್ರಯಾಣ ತಪ್ಪಿದಾಗ, ಆಫರ್ ಟಿಕೆಟ್ ಆದ್ದರಿಂದ ಒಂದು ರೂಪಾಯಿಯೂ ಸಿಗದು ಎಂದುಕೊಂಡು ಸುಮ್ಮನಾಗುತ್ತಾರೆ. ಹಾಗೆ ಬಿಡಬೇಕಿಲ್ಲ. ನಾಗರಿಕ ವಿಮಾನಯಾನ ನಿರ್ದೇಶನಾಲಯ 2016ರಲ್ಲಿ ಜಾರಿಗೊಳಿಸಿದ ನಿಯಮದಂತೆ, ಮೂಲ ದರ ವಾಪಸು ಇಲ್ಲದ ಆಫರ್ ಟಿಕೆಟಾದರೂ ತೆರಿಗೆ ಮತ್ತು ಯುಡಿಎಫ್‌ನಂತಹ ನಿಲ್ದಾಣ ಶುಲ್ಕಗಳನ್ನು ಭಾರತೀಯ ವಿಮಾನ ಕಂಪನಿ ಹಿಂದಿರುಗಿಸಬೇಕು. ರದ್ದು ಮಾಡದೆ ವಿಮಾನ ತಪ್ಪಿಸಿಕೊಂಡವರಿಗೂ ಇದು ಅನ್ವಯ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್ಚಾರ್ಜ್‌ನ ಒಟ್ಟು ಮೊತ್ತವನ್ನು ಮೀರುವಂತಿಲ್ಲ. ಏಜೆಂಟರ ಮೂಲಕ ಟಿಕೆಟ್ ಪಡೆದಿದ್ದರೂ ವಾಪಸಿನ ಹೊಣೆ ಕಂಪನಿಯದೇ. ವಿದೇಶಿ ಕಂಪನಿಗಳಿಗೆ ಅವರವರ ದೇಶದ ನಿಯಮ ಅನ್ವಯಿಸುತ್ತದೆ.

ಆದ್ದರಿಂದ ಟಿಕೆಟ್ ಕೈಗೆ ಬಂದ ಕೂಡಲೇ ದರದ ವಿವರ ಇರುವ ಪುಟವನ್ನೂ ಕೇಳಿ ಪಡೆದಿಟ್ಟುಕೊಳ್ಳಿ. ಒಟ್ಟು ಮೊತ್ತ ಮಾತ್ರ ಬರೆದ ಚೀಟಿ ಸಾಲದು. ಐದು ಜನರ ಕುಟುಂಬದ ಪ್ರಯಾಣ ತಪ್ಪಿದರೆ ಈ ಶುಲ್ಕಗಳ ಮೊತ್ತವೇ ಸಾವಿರಾರು ರೂಪಾಯಿ ಆಗಬಹುದು. ಕೇಳದವರಿಗೆ ಅದು ಸುಲಭವಾಗಿ ಸಿಗುವುದಿಲ್ಲ.