ನಾಲ್ಕನೇ ವರ್ಷದ ಇನ್ಶೂರೆನ್ಸ್

ಭದ್ರಾವತಿಯ ಜನ್ನಾಪುರದಿಂದ ಸೋದರಮಾವ ಫೋನ್ ಮಾಡಿದಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಗಿತ್ತು. "ಅಲ್ಲ ಕಣೋ, ಕಾರು ವರ್ಷಾ ವರ್ಷಾ ಹಳೇದಾಗ್ತಾ ಇದೆ. ಅದರ ಬೆಲೆ ಇಳೀತು ಅಂತ ಅವರೇ ಬರ್ದಿದಾರೆ. ಹಂಗಿದ್ಮೇಲೆ ಇನ್ಶೂರೆನ್ಸ್ ಯಾಕೆ ಏರ್ಬೇಕು?" ಹೋದ ವರ್ಷ ಅವರು ಕಟ್ಟಿದ್ದು 7,080 ರೂಪಾಯಿ. ಈ ಸಲ ಮೊಬೈಲಿಗೆ ಬಂದ ಮೆಸೇಜಿನಲ್ಲಿ 12,527 ಇತ್ತು.

ಮಾವ ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂನಲ್ಲಿ ದುಡಿದವರು. 2015ರಲ್ಲಿ ಅದರ ಯಂತ್ರಗಳು ನಿಂತ ಮೇಲೆ ಆ ಮನೆಯಲ್ಲಿ ಯಾವ ಖರ್ಚೂ ಎರಡು ಸಲ ಲೆಕ್ಕ ಹಾಕದೆ ಆಗುವುದಿಲ್ಲ. ಐದು ಸಾವಿರ ಚಿಲ್ಲರೆ ಏರಿಕೆಯನ್ನು "ಎಲ್ಲಾ ದುಬಾರಿ ಆಗಿದೆ ಬಿಡಿ ಮಾವ" ಎಂದು ತೇಲಿಸಲು ನನಗೆ ಮನಸ್ಸಾಗಲಿಲ್ಲ. ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ಹೊರಟು, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟಿ ಅವರ ಮನೆ ಸೇರಿದೆ. ಜಗಲಿಯ ಮೇಲೆ ಮೂರು ವರ್ಷದ ಪಾಲಿಸಿ ಕಾಗದಗಳನ್ನು ಹರಡಿಕೊಂಡು ಕೂತೆವು.

ಕಾರಿನ ಇನ್ಶೂರೆನ್ಸ್ ಎಂದು ನಾವು ಕರೆಯುವುದು ನಿಜವಾಗಿ ಎರಡು ವಿಮೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಒಂದು, ಅದೇ ಥರ್ಡ್ ಪಾರ್ಟಿ. ನಮ್ಮ ಗಾಡಿಗೆ ಆಗುವ ಹಾನಿಗೆ ಇನ್ನೊಂದು, ಅದು ಓನ್ ಡ್ಯಾಮೇಜ್. ಮೊದಲನೆಯದನ್ನು ಕಾನೂನು ಕಡ್ಡಾಯ ಮಾಡಿದೆ, ಅದರ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. ಎರಡನೆಯದನ್ನು ಮಾಡಿಸುವುದು ಬಿಡುವುದು ನಮ್ಮ ಇಷ್ಟ. ಅದರ ದರವನ್ನು 2007ರ ಜನವರಿಯಿಂದ ಕಂಪನಿಗಳ ಪೈಪೋಟಿಗೆ ಬಿಡಲಾಗಿದೆ. ಈ ಎರಡನ್ನು ಒಂದೇ ಹಾಳೆಯಲ್ಲಿ ಕೂಡಿಸಿ, ಕೊನೆಯ ಸಾಲಿನಲ್ಲಿ ಒಂದೇ ಮೊತ್ತ ತೋರಿಸುತ್ತಾರೆ. ನಾವೂ ಆ ಕೊನೆಯ ಸಾಲನ್ನಷ್ಟೇ ಓದುತ್ತೇವೆ.

ಮಾವನ ಒಗಟಿನ ಅರ್ಧ ಬಿಡಿಸಿದ್ದು ಇಲ್ಲೇ. 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟಿನ ಆದೇಶದಂತೆ, ಹೊಸ ಕಾರು ಕೊಳ್ಳುವವರು ಮೂರು ವರ್ಷದ ಥರ್ಡ್ ಪಾರ್ಟಿ ಹಣವನ್ನು ಮೊದಲ ದಿನವೇ ಕಟ್ಟಬೇಕು. ಹೊಸ ಬೈಕಾದರೆ ಐದು ವರ್ಷದ್ದು. ಶೋರೂಮಿನಲ್ಲಿ ಅದು ಕಾರಿನ ಆನ್‌ರೋಡ್ ಬೆಲೆಯೊಳಗೆ ಸೇರಿ ಕಣ್ಣಿಗೆ ಬೀಳುವುದಿಲ್ಲ. ಎರಡನೇ, ಮೂರನೇ ವರ್ಷ ಕಟ್ಟುವುದು ಓನ್ ಡ್ಯಾಮೇಜ್ ಮಾತ್ರ. ಮನೆಯವರಿಗೆ ಅದೇ ರೂಢಿಯಾಗುತ್ತದೆ. ನಾಲ್ಕನೇ ವರ್ಷ ಮೊದಲು ಕಟ್ಟಿದ್ದು ತೀರಿ, ಥರ್ಡ್ ಪಾರ್ಟಿ ಮತ್ತೆ ಬಂದು ಕೂರುತ್ತದೆ. ಮಾವನ ಕಾರಿನ ಎಂಜಿನ್ 1197 ಸಿಸಿ. 1000ದಿಂದ 1500 ಸಿಸಿವರೆಗಿನ ಕಾರಿಗೆ 2022ರ ಜೂನ್ 1ರಂದು ಜಾರಿಗೆ ಬಂದ ದರ 3,416 ರೂಪಾಯಿ, ಜಿಎಸ್‌ಟಿ ಸೇರಿಸಿದರೆ 4,031. ಐದೂವರೆ ಸಾವಿರದ ಏರಿಕೆಯಲ್ಲಿ ನಾಲ್ಕು ಸಾವಿರ ಏರಿಕೆಯೇ ಅಲ್ಲ, ಮೂರು ವರ್ಷ ಮುಂಗಡ ಕಟ್ಟಿದ್ದು ಮುಗಿದದ್ದು.

ಹಾಗೆಂದು ಈ ದರ ಏರಿಲ್ಲ ಎನ್ನುವಂತಿಲ್ಲ. ಇದೇ ಗಾತ್ರದ ಕಾರಿಗೆ 2015ರಲ್ಲಿ 1,598 ರೂಪಾಯಿ ಇತ್ತು. ಮರುವರ್ಷ 2,237, ಅದರ ಮುಂದಿನ ವರ್ಷ 2,863. 2019ರಲ್ಲಿ 3,221 ಆಯಿತು. ಕೋವಿಡ್ ಕಾಲದಲ್ಲಿ ತಡೆದು, 2022ರಲ್ಲಿ 3,416ಕ್ಕೆ ಬಂತು. ಏಳು ವರ್ಷದಲ್ಲಿ ಇಮ್ಮಡಿಗಿಂತ ಹೆಚ್ಚು.

"ಯಾರಿಗೋ ಕೊಡೋ ದುಡ್ಡು ಇದು. ನಂಗೇನು ಬಂತು ಇದ್ರಿಂದ?" ಎಂದರು ಮಾವ. ನನಗೆ ಹೇಳಬೇಕಿದ್ದದ್ದೆಲ್ಲ ಆ ಪ್ರಶ್ನೆಗೆ ಉತ್ತರ.

ಆ ಯಾರೋ ಯಾರು?

ಶಿವಮೊಗ್ಗದ ಜಿಲ್ಲಾ ನ್ಯಾಯಾಲಯದಲ್ಲಿ, ಭದ್ರಾವತಿಯಲ್ಲಿ ಕೂರುವ ಹೆಚ್ಚುವರಿ ಜಿಲ್ಲಾ ನ್ಯಾಯಾಲಯದಲ್ಲಿ, ಮೋಟಾರು ಅಪಘಾತ ಪರಿಹಾರದ ಅರ್ಜಿಗಳ ವಿಚಾರಣೆ ನಡೆಯುತ್ತದೆ. ವಕೀಲರ ಬಾಯಲ್ಲಿ ಅದು ಎಂವಿಸಿ ಕೇಸು. ಅಂಥ ದಿನ ಕೋರ್ಟಿನ ಮೊಗಸಾಲೆಗೆ ಒಮ್ಮೆ ಹೋಗಿ ನೋಡಬೇಕು. ಊರುಗೋಲು ಹಿಡಿದ ಹುಡುಗರು, ಆಸ್ಪತ್ರೆಯ ಎಕ್ಸ್‌ರೇ ಕವರನ್ನು ಎದೆಗೆ ಒತ್ತಿಕೊಂಡ ತಾಯಂದಿರು, ಗಂಡನ ಸಂಬಳದ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದ ಹೆಣ್ಣುಮಕ್ಕಳು. ಥರ್ಡ್ ಪಾರ್ಟಿ ಎಂದರೆ ಇವರು.

ಒಂದು ಲೆಕ್ಕವನ್ನು ಮಾವನ ಮುಂದೆಯೇ ಹಾಕಿದೆ. ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ, ಕಾಯಂ ಅಲ್ಲದ ಕೆಲಸದಲ್ಲಿ, ತಿಂಗಳಿಗೆ 15,000 ದುಡಿಯುವ 32 ವರ್ಷದ ಒಬ್ಬ ಇದ್ದಾನೆ ಎಂದುಕೊಳ್ಳಿ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ರಾತ್ರಿ ಪಾಳಿ ಮುಗಿಸಿ ಬರುವಾಗ ಒಂದು ಕಾರು ಗುದ್ದಿ ಅವನು ತೀರಿಕೊಂಡರೆ ಪರಿಹಾರ ಹೇಗೆ ನಿರ್ಧಾರವಾಗುತ್ತದೆ? ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲೂ 2017ರ ಪ್ರಣಯ್ ಸೇಥಿ ಪ್ರಕರಣದಲ್ಲೂ ದಾರಿ ಹಾಕಿಕೊಟ್ಟಿದೆ. ವರ್ಷದ ದುಡಿಮೆ 1,80,000. ಅವನು ಬದುಕಿದ್ದರೆ ಸಂಬಳ ಏರುತ್ತಿತ್ತಲ್ಲ, ಅದಕ್ಕಾಗಿ ಶೇ 40 ಸೇರಿಸಬೇಕು: 2,52,000. ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ ಮನೆಗೆ ಸಿಗುತ್ತಿದ್ದದ್ದು 1,89,000. ಅವನ ವಯಸ್ಸಿಗೆ ಗುಣಕ 16. ಗುಣಿಸಿದರೆ 30,24,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಕುಟುಂಬ ಕಳೆದುಕೊಂಡ ಆಸರೆಯ ಲೆಕ್ಕ, ಬಡ್ಡಿ ಇವೆಲ್ಲ ಬೇರೆ.

2017ಕ್ಕೆ ಮುಂಚೆ, ಕಾಯಂ ಕೆಲಸವಿಲ್ಲದವನ ನಾಳೆಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಒಂದೊಂದು ಕೋರ್ಟು ಒಂದೊಂದು ರೀತಿ ಹೇಳುತ್ತಿತ್ತು. ಪ್ರಣಯ್ ಸೇಥಿ ತೀರ್ಪು ಬಂದ ಮೇಲೆ ಗಾರೆ ಕೆಲಸದವನ, ಆಟೋ ಓಡಿಸುವವನ ಮನೆಗೂ ಆ ಪಾಲು ಖಚಿತವಾಯಿತು. ಸಾವು ಮತ್ತು ಗಾಯದ ಪರಿಹಾರಕ್ಕೆ ನಮ್ಮ ಕಾನೂನಿನಲ್ಲಿ ಮೇಲ್ಮಿತಿಯೂ ಇಲ್ಲ. ಆಸ್ತಿ ಹಾನಿಗೆ ಮಾತ್ರ ವಿಮೆಯ ಹೊಣೆ ಏಳೂವರೆ ಲಕ್ಷಕ್ಕೆ ನಿಲ್ಲುತ್ತದೆ. ಸಂಬಳ ಏರಿದರೆ ಪರಿಹಾರ ಏರುತ್ತದೆ, ಪರಿಹಾರ ಏರಿದರೆ ಪ್ರೀಮಿಯಂ ಏರುತ್ತದೆ. ನನ್ನ ಮಟ್ಟಿಗೆ ಇದು ನ್ಯಾಯವಾದ ಏರಿಕೆ. ಕೂಲಿಯವನ ಜೀವಕ್ಕೆ ಬೆಲೆ ಹೆಚ್ಚಾದದ್ದರ ಒಂದು ಚೂರು ನನ್ನ ಕಾರಿನ ಮೇಲೆ ಬಂತೆಂದು ನಾನು ಗೊಣಗಲಾರೆ.

ವಿಮೆ ಇಲ್ಲದ ಗಾಡಿ ಗುದ್ದಿದರೆ ಆ ಮೂವತ್ತು ಲಕ್ಷವನ್ನು ಗಾಡಿಯ ಮಾಲೀಕನೇ ತೆರಬೇಕು. ಅವನ ಹೆಸರಿನಲ್ಲಿ ಅರ್ಧ ಎಕರೆ ತೋಟವೋ ಹೆಂಚಿನ ಮನೆಯೋ ಇದ್ದರೆ ಅದರ ಮೇಲೆ ಜಪ್ತಿ ಬರುತ್ತದೆ. ಏನೂ ಇಲ್ಲದಿದ್ದರೆ ಸತ್ತವನ ಮಕ್ಕಳ ಕೈಗೆ ಉಳಿಯುವುದು ತೀರ್ಪಿನ ಪ್ರತಿ ಮಾತ್ರ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸೆರೆ. ಜನ ಹೆದರುವುದು ಈ ದಂಡಕ್ಕೆ. ಹೆದರಬೇಕಾದದ್ದು ಆ ಮೂವತ್ತು ಲಕ್ಷಕ್ಕೆ.

ಕ್ಲೇಮು ಮಾಡಿ ಉಳಿಸಿದ್ದು 350 ರೂಪಾಯಿ

ಒಗಟಿನ ಉಳಿದರ್ಧ ಇದ್ದದ್ದು ಮಾವನ ಕಾರಿನ ಬಂಪರಿನಲ್ಲಿ. ಹೋದ ಮಳೆಗಾಲ ರಿವರ್ಸ್ ತೆಗೆಯುವಾಗ ತೋಟದ ಗೇಟಿನ ಕಂಬಕ್ಕೆ ತಾಗಿಸಿದ್ದರು. ಸರ್ವಿಸ್ ಸೆಂಟರಿನ ಬಿಲ್ಲು 7,800. ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಕಳೆದು 6,800 ಕಂಪನಿ ಕೊಟ್ಟಿತ್ತು. "ಪುಕ್ಸಟ್ಟೆ ಆಯ್ತು" ಎಂದು ಆಗ ಮಾವ ಹೇಳಿಕೊಂಡಿದ್ದು ನನಗೂ ನೆನಪಿದೆ.

ಪುಕ್ಕಟೆ ಆಗಿರಲಿಲ್ಲ. ಕ್ಲೇಮು ಮಾಡದ ಪ್ರತಿ ವರ್ಷಕ್ಕೂ ಓನ್ ಡ್ಯಾಮೇಜ್ ಕಂತಿನಲ್ಲಿ ರಿಯಾಯಿತಿ ಬೆಳೆಯುತ್ತ ಹೋಗುತ್ತದೆ. ಏಜೆಂಟರು ಎನ್‌ಸಿಬಿ ಎನ್ನುವುದು ಅದನ್ನೇ. ಒಂದು ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದಕ್ಕೆ 50. ನಡುವೆ ಒಂದು ಕ್ಲೇಮು ಬಂದರೆ ಮತ್ತೆ ಸೊನ್ನೆಯಿಂದ ಹತ್ತಬೇಕು. ಮಾವನಿಗೆ ಈ ವರ್ಷ ಶೇ 35 ಸಿಗಬೇಕಿತ್ತು. ಅವರ ಮೂಲ ಕಂತು 5,600, ಹಾಗಾಗಿ ಹೋದದ್ದು 1,960. ಅಷ್ಟಕ್ಕೇ ಮುಗಿಯುವುದಿಲ್ಲ. ಮುಂದಿನ ವರ್ಷ 45ರ ಬದಲು 20, ಅದರ ಮುಂದೆ 50ರ ಬದಲು 25, ಹೀಗೆ ಐದು ವರ್ಷ ಅವರು ಹಿಂದೆಯೇ ಇರುತ್ತಾರೆ. ಮೂಲ ಕಂತು ವರ್ಷವರ್ಷ ಅಷ್ಟಿಷ್ಟು ಇಳಿಯುತ್ತದೆಂದು ಹಿಡಿದು, ತೆರಿಗೆಯನ್ನೂ ಕೂಡಿಸಿದರೆ ಒಟ್ಟು ನಷ್ಟ 6,450ರ ಆಸುಪಾಸು. ಸಿಕ್ಕಿದ್ದು 6,800. ಉಳಿದದ್ದು 350 ರೂಪಾಯಿ.

ಮಾವ ಕನ್ನಡಕ ತೆಗೆದು ಆ ಹಾಳೆಯನ್ನು ಮತ್ತೊಮ್ಮೆ ನೋಡಿದರು. "ಇದನ್ನ ಅವತ್ತು ಯಾರೂ ಹೇಳ್ಲಿಲ್ವಲ್ಲೋ." ಹೇಳುವುದಿಲ್ಲ. ಸಣ್ಣ ಗೀರು, ತಗ್ಗುಗಳಿಗೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಒಳ್ಳೆಯ ಟಿಂಕರಿಂಗ್, ಪೇಂಟಿಂಗ್ ಕೈಗಳಿವೆ. ಅಲ್ಲಿ ಎರಡು ಮೂರು ಸಾವಿರಕ್ಕೆ ಆಗುವುದನ್ನು ಕ್ಲೇಮಿಗೆ ಹಾಕುವುದು ನಮ್ಮ ಮೈಮೇಲೆ ನಾವೇ ಹಾಕಿಕೊಳ್ಳುವ ಖರ್ಚು. ಇನ್ನೊಂದು ಮಾತು: ಎನ್‌ಸಿಬಿ ಕಾರಿನದಲ್ಲ, ಮಾಲೀಕನದು. ಹಳೆ ಕಾರು ಮಾರಿದರೆ ಅದನ್ನು ಹೊಸ ಕಾರಿಗೆ ತರಬಹುದು. ಆದರೆ ಪಾಲಿಸಿ ಮುಗಿದು, ನವೀಕರಿಸದೆ 90 ದಿನ ದಾಟಿದರೆ ಅಷ್ಟೂ ಹೋಯಿತು.

ಓನ್ ಡ್ಯಾಮೇಜ್ ಕಂತೇ ಯಾಕೆ ದುಬಾರಿಯಾಗುತ್ತಿದೆ ಎನ್ನುವುದಕ್ಕೆ ಕಬ್ಬಿಣದ ಊರಿನಲ್ಲಿ ಉತ್ತರ ಹೇಳುವುದು ಸುಲಭ. 1923ರಿಂದ ಕುಲುಮೆ ಉರಿಸಿದ ಭದ್ರಾವತಿಯವರಿಗೆ ತಗ್ಗಾದ ತಗಡನ್ನು ಬಡಿದು ಸರಿಮಾಡಬಹುದು ಎಂದು ಗೊತ್ತು. ಅಂಬಾಸಿಡರ್ ಕಾಲದ ಕಾರುಗಳು ಹಾಗೇ ನಡೆದವು. ಈಗಿನ ಬಂಪರು ಪ್ಲಾಸ್ಟಿಕ್ಕು, ಒಡೆದರೆ ಬದಲಿಸಬೇಕು. ಹೆಡ್‌ಲೈಟಿನ ಒಂದು ಕೊಂಡಿ ಮುರಿದರೆ ಇಡೀ ಜೋಡಣೆಯೇ ಬರಬೇಕು. ಹೊಸ ಮಾದರಿಗಳಲ್ಲಿ ಮುಂಗಾಜಿನ ಹಿಂದೆ ಕ್ಯಾಮೆರಾ, ಬಂಪರಿನೊಳಗೆ ಸೆನ್ಸರು. ಅದರ ಮೇಲೆ, ಪ್ಲಾಸ್ಟಿಕ್ಕು ಮತ್ತು ರಬ್ಬರಿನ ಭಾಗಗಳಿಗೆ ಸಾದಾ ಪಾಲಿಸಿ ಅರ್ಧ ಬೆಲೆ ಮಾತ್ರ ಕೊಡುತ್ತದೆ. ಉಳಿದರ್ಧಕ್ಕಾಗಿ ಜನ ಜೀರೋ ಡೆಪ್ ಸೇರಿಸುತ್ತಾರೆ, ಇಲ್ಲಿನವರ ಬಾಯಲ್ಲಿ ಅದು ಬಂಪರ್ ಟು ಬಂಪರ್. ಮಾವನ ಪಾಲಿಸಿಯಲ್ಲಿ ಅದಕ್ಕೆ 1,600. ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳಿಗೆ ತೆರಿಗೆ ತೆಗೆದರು. ಕಾರಿನದು ಹಾಗೇ ಉಳಿಯಿತು. ಕಾನೂನೇ ಕಡ್ಡಾಯ ಮಾಡಿದ ಥರ್ಡ್ ಪಾರ್ಟಿಯ ಮೇಲೂ ಇಷ್ಟು ತೆರಿಗೆ ಹಾಕುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಅದು ಇಳಿದರೆ ವಿಮೆಯಿಲ್ಲದೆ ಓಡಾಡುವ ಗಾಡಿಗಳಲ್ಲಿ ಕೆಲವಾದರೂ ದಾರಿಗೆ ಬಂದಾವು.

ಬೆಂಗಳೂರಿಗಿಂತ ಇಲ್ಲಿ ಒಂದಿಷ್ಟು ಅಗ್ಗ ಎನ್ನುವ ಮಾತು ನಿಜ. ಓನ್ ಡ್ಯಾಮೇಜ್ ಲೆಕ್ಕದಲ್ಲಿ ದೇಶದ ಎಂಟು ಮಹಾನಗರಗಳು ಎ ವಲಯ, ಉಳಿದದ್ದೆಲ್ಲ ಬಿ ವಲಯ. ಆದರೆ ಹಳೆಯ ದರಪಟ್ಟಿಯ ಪ್ರಕಾರ ಐದು ಲಕ್ಷದ ಹೊಸ ಕಾರಿಗೆ ಆ ವ್ಯತ್ಯಾಸ 460 ರೂಪಾಯಿ, ಅದೂ ರಿಯಾಯಿತಿ ಕಳೆಯುವ ಮೊದಲು.

ಮಂಟಪ ಮುಳುಗುವ ದಿನಗಳು

ಉಳಿಸಬೇಕೆಂದು ಎಲ್ಲವನ್ನೂ ಕತ್ತರಿಸಲು ಹೊರಟ ಮಾವನನ್ನು ಒಂದು ಕಡೆ ತಡೆದೆ. ತುಂಗೆಯ ನಡುವಿನ ಮಂಟಪ ಮುಳುಗಿತೆಂದರೆ ಶಿವಮೊಗ್ಗದವರು ಸಂಸಾರ ಸಮೇತ ಹೊಳೆ ನೋಡಲು ಹೋಗುತ್ತಾರೆ. 2019ರ ಆಗಸ್ಟಿನಲ್ಲಿ ಹೊಳೆಯೇ ತಗ್ಗಿನ ಬಡಾವಣೆಗಳನ್ನು ನೋಡಲು ಬಂತು. ಭದ್ರಾ ಜಲಾಶಯದಿಂದ ನೀರು ಬಿಟ್ಟರೆ ಭದ್ರಾವತಿಯ ಕವಲಗುಂದಿಯವರಿಗೆ ನಿದ್ದೆಯಿಲ್ಲ. ನೀರಲ್ಲಿ ನಿಂತ ಕಾರಿನ ಹಾನಿಗೆ ಓನ್ ಡ್ಯಾಮೇಜ್ ಪಾಲಿಸಿ ಹಣ ಕೊಡುತ್ತದೆ. ಆದರೆ ಮುಳುಗಿದ ಕಾರನ್ನು ಗಾಬರಿಯಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ನಿನೊಳಗೆ ನೀರು ಎಳೆದುಕೊಂಡರೆ ಎಂಜಿನ್ನಿನ ಖರ್ಚು ನಮ್ಮದೇ, ಅದಕ್ಕೆಂದೇ ಇರುವ ಎಂಜಿನ್ ಪ್ರೊಟೆಕ್ಟ್ ಇಲ್ಲದಿದ್ದರೆ. ಕೀಲಿ ಮುಟ್ಟದೆ ಟೋಯಿಂಗಿಗೆ ಹೇಳುವುದೇ ಸರಿ. ಹೊಳೆಯ ಬದಿಯ ಮನೆಯವರು ಎಂಜಿನ್ ಪ್ರೊಟೆಕ್ಟಿನ ಹಣವನ್ನು ಉಳಿಸಬಾರದು.

ಐಡಿವಿಯನ್ನೂ, ಅಂದರೆ ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಬೆಲೆಯನ್ನೂ, ಬೇಕೆಂದೇ ಇಳಿಸಿಕೊಳ್ಳಬಾರದು. ಕಾರು ಕಳುವಾದರೆ, ನಜ್ಜುಗುಜ್ಜಾದರೆ ಕೈಗೆ ಬರುವುದು ಅಷ್ಟೇ. ಮೊಬೈಲಿನಲ್ಲಿ ಅಗ್ಗವಾಗಿ ಕಾಣುವ ಎಷ್ಟೋ ಪಾಲಿಸಿಗಳ ಗುಟ್ಟು ಇಲ್ಲಿದೆ. ಇನ್ನು, ಸ್ವಂತ ಬಳಕೆಯ ವೈಟ್ ಬೋರ್ಡ್ ಕಾರನ್ನು ಸಿಗಂದೂರಿಗೋ ಧರ್ಮಸ್ಥಳಕ್ಕೋ ಬಾಡಿಗೆಗೆ ಬಿಡುವ ಅಭ್ಯಾಸ ನಮ್ಮ ಕಡೆ ಇದೆ. ಆ ಹೊತ್ತಿನಲ್ಲಿ ಅಪಘಾತವಾದರೆ ಕಂಪನಿ ಕ್ಲೇಮು ತಳ್ಳಿಹಾಕಬಹುದು, ಕಟ್ಟಿದ ಕಂತು ದಂಡ.

ಎಲ್ಲಿ ಚೌಕಾಸಿ ಮಾಡಬಹುದೋ ಅಲ್ಲಿ ಮಾಡಿದೆವು. ಮಾವ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರೂ ಓಡಿಸುವುದಿಲ್ಲ. ಓಡಿದಷ್ಟಕ್ಕೆ ಕಟ್ಟುವ ಸೌಲಭ್ಯಕ್ಕೆ ವಿಮಾ ನಿಯಂತ್ರಕ ಐಆರ್‌ಡಿಎಐ 2022ರ ಜುಲೈನಲ್ಲೇ ಅವಕಾಶ ಕೊಟ್ಟಿದೆ, ಅವರಂಥವರಿಗೇ ಹೇಳಿ ಮಾಡಿಸಿದ್ದು. ಡೀಲರ್ ಕೊಟ್ಟ ಕಂಪನಿಯಲ್ಲೇ ಮುಂದುವರಿಯಬೇಕೆಂಬ ನಿಯಮವೂ ಇಲ್ಲ, ಕಂಪನಿ ಬದಲಿಸಿದರೂ ಎನ್‌ಸಿಬಿ ಜೊತೆಗೇ ಬರುತ್ತದೆ. ನಾಲ್ಕು ಕಡೆ ದರ ಕೇಳಿ, ಐಡಿವಿ ಒಂದೇ ಇಟ್ಟು ಹೋಲಿಸಿದಾಗ ಓನ್ ಡ್ಯಾಮೇಜ್ ಭಾಗದಲ್ಲಿ 1,400 ರೂಪಾಯಿ ಇಳಿಯಿತು. ಥರ್ಡ್ ಪಾರ್ಟಿ ಎಲ್ಲ ಕಡೆಯೂ ಅದೇ 3,416.

ಹಣ ಕಟ್ಟಿ, ಪಾಲಿಸಿ ಮೊಬೈಲಿಗೆ ಬಂದ ಮೇಲೆ ಅತ್ತೆ ಕಾಫಿ ತಂದರು. ಮಾವ ಲೋಟ ಹಿಡಿದುಕೊಂಡೇ ಎದ್ದು ಹಿತ್ತಿಲ ಶೆಡ್ಡಿಗೆ ಹೋದರು. ಬಂದಾಗ ಕೈಯಲ್ಲಿ ಮೊಮ್ಮಗನ ಸ್ಕೂಟರಿನ ಕಾಗದಗಳಿದ್ದವು. ಅದರ ವಿಮೆ ಮುಗಿದು ಏಳು ತಿಂಗಳಾಗಿತ್ತು. ಹುಡುಗ ಅದರಲ್ಲೇ ದಿನಾ ಹೆದ್ದಾರಿ ಹಿಡಿದು ಶಿವಮೊಗ್ಗದ ಕಾಲೇಜಿಗೆ ಹೋಗಿ ಬರುತ್ತಾನೆ.

"ಇದಕ್ಕೆ ಎಷ್ಟಾಗುತ್ತೆ?" ಎಂದರು.

125 ಸಿಸಿ. ಥರ್ಡ್ ಪಾರ್ಟಿ 714, ತೆರಿಗೆ ಸೇರಿ 843 ರೂಪಾಯಿ.

"ಈಗ್ಲೇ ಕಟ್ಬಿಡು" ಎಂದು ಮಾವ ಸ್ಕೂಟರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. "ಕಾಗದ ಬರೋ ತನಕ ಇದು ಇಲ್ಲೇ ಇರ್ಲಿ."