ಹೆಚ್ಚು ಕೂಗಿದವನಿಗೇ ಮೊದಲ ಸ್ಥಾನವೆ?

ಅಂತರಜಾಲದಲ್ಲಿ ಹೊಸದಾಗಿ ತಾಣವೊಂದನ್ನು ತೆರೆದವನು, ಹೆಚ್ಚು ಹಣ ತೆತ್ತರೆ ತನ್ನ ಜಾಹೀರಾತೇ ಮೊದಲು ಕಾಣಿಸುವುದೆಂದು ಭಾವಿಸುವುದು ಸಹಜ. 1998ರಲ್ಲಿ ‘ಗೋಟು’ ಎಂಬ ಶೋಧಯಂತ್ರವು ಇಂತಹ ಹರಾಜನ್ನು ಆರಂಭಿಸಿದಾಗ ನಿಯಮವು ಹಾಗೆಯೇ ಇದ್ದಿತು. ಆದರೆ 2002ರಲ್ಲಿ ಗೂಗಲ್ ಸಂಸ್ಥೆಯು ಕೂಗಿದ ಬೆಲೆಯೊಡನೆ, ನೋಡಿದವರಲ್ಲಿ ಎಷ್ಟು ಮಂದಿ ಜಾಹೀರಾತನ್ನು ಕ್ಲಿಕ್ ಮಾಡುವರೆಂಬುದನ್ನೂ ಗಣನೆಗೆ ತೆಗೆದುಕೊಂಡಿತು.

ಸುಲಭವಾದ ಲೆಕ್ಕವೊಂದನ್ನು ನೋಡೋಣ. ರಾಮನು ಕ್ಲಿಕ್ಕೊಂದಕ್ಕೆ 10 ರೂಪಾಯಿ ಕೂಗುತ್ತಾನೆ. ನೋಡಿದ 100 ಮಂದಿಯಲ್ಲಿ ಇಬ್ಬರು ಕ್ಲಿಕ್ ಮಾಡುತ್ತಾರೆ. ಸೋಮನು ಕೂಗುವುದು 6 ರೂಪಾಯಿ. ಆದರೆ ಕ್ಲಿಕ್ ಮಾಡುವವರು ಐವರು. ಗುಣಿಸಿದರೆ ರಾಮನಿಗೆ 20, ಸೋಮನಿಗೆ 30. ಮೇಲಿನ ಸ್ಥಾನವು ಸೋಮನದು! ಅವನು 6 ರೂಪಾಯಿಯನ್ನೂ ತೆರಬೇಕಾಗಿಲ್ಲ. ರಾಮನ 20ನ್ನು ಮೀರಲು 4 ರೂಪಾಯಿಗಿಂತ ತುಸು ಹೆಚ್ಚಾದರೆ ಸಾಕು.

ಇಂದಿನ ಗಣನೆಯಲ್ಲಿ ತಾಣದ ಪುಟದ ಯೋಗ್ಯತೆಯೂ ಸೇರಿದೆ. ಪುಟವು ತಡವಾಗಿ ತೆರೆದರೆ ಅಥವಾ ಅದರ ಕೊಂಡಿಗಳು ಕೆಟ್ಟಿದ್ದರೆ, ಬಂದವನು ಬರಿಗೈಯಲ್ಲಿ ಹಿಂದಿರುಗುವನು. ಕ್ಲಿಕ್ಕಿಗೆ ತೆತ್ತ ಹಣವು ಮಾತ್ರ ಹಿಂದಿರುಗದು. ಯೋಗ್ಯತೆ ಕುಗ್ಗಿದಂತೆ, ಅದೇ ಸ್ಥಾನಕ್ಕೆ ಮುಂದೆ ಹೆಚ್ಚು ಬೆಲೆಯನ್ನೂ ಕೂಗಬೇಕಾಗುವುದು. ಆದುದರಿಂದ ಹರಾಜಿನಲ್ಲಿ ಬೆಲೆಯೇರಿಸುವ ಮುನ್ನ ತನ್ನ ತಾಣವನ್ನು ಸರಿಪಡಿಸಿಕೊಳ್ಳುವುದೇ ಲಾಭದಾಯಕವಾದ ಕ್ರಮ.